ಕಿವಿಯಲ್ಲಿ ಅಳೆಯುವ ಜ್ವರ

ಜ್ವರವನ್ನು ಕುರಿತು ನಮ್ಮ ಮನೆಮಾತಿನಲ್ಲಿ ಎಷ್ಟೊಂದು ನುಡಿಗಳಿವೆ! ಮೈ ಬೆಚ್ಚಗಿದೆ ಎನ್ನುತ್ತೇವೆ. ಮೈ ಕಾದಿದೆ ಎನ್ನುತ್ತೇವೆ. ಕೆಂಡದಂತೆ ಸುಡುತ್ತಿದೆ ಎನ್ನುತ್ತೇವೆ. ಮುಟ್ಟಿದರೆ ತಿಳಿಯದೆ ಒಳಗೊಳಗೇ ಕಾಡುವುದಕ್ಕೆ ಒಳಜ್ವರವೆಂಬ ಹೆಸರೂ ಇದೆ. ಈ ಮಾತುಗಳೆಲ್ಲ ಅಂಗೈಯ ಸಾಕ್ಷ್ಯದಿಂದ ಹುಟ್ಟಿದವು. ಹಣೆಯ ಮೇಲೋ ಕೊರಳಿನ ಮೇಲೋ ಕೈಯಿಟ್ಟು ನೋಡುವುದರಲ್ಲಿ ಅಕ್ಕರೆಯಿದೆ, ಅನುಭವವೂ ಇದೆ; ಅದನ್ನು ಹಳಿಯಲು ನಾನು ಹೊರಟಿಲ್ಲ. ಆದರೆ ಅಂಗೈಗೆ ಎರಡು ಮಿತಿಗಳಿವೆ.

ಮೊದಲನೆಯದಾಗಿ, ಅಂಗೈ ಅಳೆಯುವುದಿಲ್ಲ, ಹೋಲಿಸುತ್ತದೆ. ತಣ್ಣೀರಿನಲ್ಲಿ ಪಾತ್ರೆ ತೊಳೆದು ಬಂದ ಕೈಗೆ ಆರೋಗ್ಯವಂತ ಮಗುವಿನ ಹಣೆಯೂ ಬಿಸಿಯಾಗಿಯೇ ತೋರುತ್ತದೆ. ಒಲೆಯ ಮುಂದಿನಿಂದೆದ್ದು ಬಂದ ಕೈಗೆ ಜ್ವರದ ಹಣೆಯೂ ಸಾಧಾರಣವೆನಿಸಬಹುದು. ಎರಡನೆಯ ಮಿತಿ ಇನ್ನೂ ಮುಖ್ಯವಾದುದು. ಅಂಗೈ ಮುಟ್ಟುವುದು ಚರ್ಮವನ್ನು. ಜ್ವರವಿರುವುದು ದೇಹದ ಒಳಗೆ. ಜ್ವರ ಏರುತ್ತಿರುವ ಹೊತ್ತಿನಲ್ಲಿ ದೇಹವು ತನ್ನ ಶಾಖ ಹೊರಗೆ ಹೋಗದಿರಲೆಂದು ಚರ್ಮದ ಸಣ್ಣ ರಕ್ತನಾಳಗಳನ್ನು ಸಂಕೋಚಗೊಳಿಸುತ್ತದೆ. ಆಗ ಕೈಕಾಲು ತಣ್ಣಗಾಗುತ್ತವೆ, ಚಳಿ ಹತ್ತಿ ನಡುಕ ಬರುತ್ತದೆ, ರೋಗಿ ಕಂಬಳಿ ಹೊದಿಸಿರೆಂದು ಕೇಳುತ್ತಾನೆ. ಮುಟ್ಟಿದವರಿಗೆ ತಂಪು, ಒಳಗಿನ ಉಷ್ಣತೆ ಮಾತ್ರ ಮೇಲೇರುತ್ತಲೇ ಇರುತ್ತದೆ. ನಮ್ಮ ಹಿರಿಯರು ಒಳಜ್ವರವೆಂದದ್ದರಲ್ಲಿ ಈ ಸ್ಥಿತಿಯೂ ಸೇರಿತ್ತೆಂದು ನನಗೆ ತೋರುತ್ತದೆ.

ಆದ್ದರಿಂದ ಒಳಗಿನ ಬಿಸಿಯನ್ನು ತಿಳಿಯಲು ಒಂದು ಸಾಧನ ಬೇಕು. ಈಚಿನ ವರ್ಷಗಳಲ್ಲಿ ಅನೇಕ ಮನೆಗಳ ಔಷಧಿಪೆಟ್ಟಿಗೆಯಲ್ಲಿ ಕಿವಿಯ ಉಷ್ಣಮಾಪಕವೊಂದು ಸೇರಿಕೊಂಡಿದೆ. ತುದಿಯನ್ನು ಕಿವಿಯಲ್ಲಿಟ್ಟು ಗುಂಡಿಯೊತ್ತಿದರೆ ಒಂದೆರಡು ಕ್ಷಣಗಳಲ್ಲಿ ಅಂಕಿ ಮೂಡುತ್ತದೆ. ಅಳುವ ಮಗುವನ್ನು ಹಿಡಿದು ಕೂರಿಸಬೇಕಾಗಿಲ್ಲ, ನಿದ್ರಿಸುವ ವೃದ್ಧರನ್ನು ಎಬ್ಬಿಸಬೇಕಾಗಿಲ್ಲ. ಇಷ್ಟು ಸುಲಭವಾಗಿರುವುದರಿಂದಲೇ ಅದನ್ನು ತಪ್ಪಾಗಿ ಬಳಸುವುದೂ ಸುಲಭವಾಗಿದೆ. ಈ ಹೊತ್ತು ನಾನು ಹೇಳಬೇಕೆಂದಿರುವುದು ಇಷ್ಟೆ: ಈ ಉಪಕರಣ ತನಗೆ ಕಂಡದ್ದನ್ನು ಮಾತ್ರ ಹೇಳುತ್ತದೆ. ಅದಕ್ಕೆ ಕಾಣಬೇಕಾದುದನ್ನು ಕಾಣಿಸುವ ಹೊಣೆ ನಮ್ಮದು. ಅದು ತೋರಿದ ಅಂಕಿಯನ್ನು ರೋಗಿಯ ಮುಖದೊಂದಿಗೆ ಕೂಡಿಸಿ ಓದುವ ಹೊಣೆಯೂ ನಮ್ಮದೇ.

ದೇಹದ ಬಿಸಿಯನ್ನು ಅಂಕಿಯಲ್ಲಿ ಹೇಳುವ ಪ್ರಯತ್ನಕ್ಕೆ ನಾಲ್ಕು ಶತಮಾನಗಳ ಇತಿಹಾಸವಿದೆ. ಹದಿನೇಳನೆಯ ಶತಮಾನದ ಆರಂಭದಲ್ಲಿ ಇಟಲಿಯ ಪಾದುವಾ ನಗರದ ವೈದ್ಯ ಸ್ಯಾಂಟೋರಿಯೋ ಅಂಕಗುರುತುಗಳುಳ್ಳ ಗಾಜಿನ ಸಾಧನವೊಂದನ್ನು ರೋಗಿಗಳ ಬಾಯಿಯಲ್ಲಿಟ್ಟು ನೋಡಿದನು. ಆದರೆ ಉಷ್ಣಮಾಪಕ ನಿಜವಾಗಿ ರೋಗಿಯ ಹಾಸಿಗೆಯ ಬಳಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಜರ್ಮನಿಯ ಲೈಪ್‌ಜಿಗ್‌ನ ವೈದ್ಯ ಕಾರ್ಲ್ ವುಂಡರ್‌ಲಿಖ್ ಸುಮಾರು 25,000 ರೋಗಿಗಳ ಉಷ್ಣತೆಯನ್ನು ಕಂಕುಳಿನಲ್ಲಿ ಅಳೆದು, 1868ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಆರೋಗ್ಯವಂತರ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್, ಅಂದರೆ 98.6 ಡಿಗ್ರಿ ಫ್ಯಾರನ್‌ಹೀಟ್ ಎಂಬ ಮಾತು ಲೋಕಪ್ರಸಿದ್ಧವಾದದ್ದು ಅವನಿಂದ. ಅವನ ಉಷ್ಣಮಾಪಕ ಒಂದು ಅಡಿಯಷ್ಟು ಉದ್ದವಾಗಿತ್ತು. ಒಂದು ಅಳತೆಗೆ ಕಾಲು ಗಂಟೆಗೂ ಮಿಕ್ಕಿ ಬೇಕಾಗುತ್ತಿತ್ತು. ಅದೇ ದಶಕದಲ್ಲಿ ಇಂಗ್ಲೆಂಡಿನ ವೈದ್ಯ ಕ್ಲಿಫರ್ಡ್ ಆಲ್ಬಟ್ ಆರು ಅಂಗುಲದ, ಐದು ನಿಮಿಷಗಳಲ್ಲಿ ಅಳೆಯುವ ಕಿರಿಯ ಉಷ್ಣಮಾಪಕವನ್ನು ರೂಪಿಸಿದ ಮೇಲೆ ಅದು ವೈದ್ಯರ ಜೇಬಿಗೆ ಬಂದಿತು. ಕ್ರಮೇಣ ನಮ್ಮ ಮನೆಗಳಿಗೂ ಬಂದಿತು.

ಈ ಪಾದರಸದ ಕಡ್ಡಿಯನ್ನು ಜಾಡಿಸಿ, ಕಂಕುಳಿನಲ್ಲಿಟ್ಟು, ಬೆಳಕಿಗೆ ಹಿಡಿದು ಓದಿದವರು ನಮ್ಮಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ಅದು ಒಳ್ಳೆಯ ಸಾಧನವೇ. ಆದರೆ ಒಡೆದರೆ ಚೆಲ್ಲುವ ಪಾದರಸ ವಿಷ. ಕೊಡೈಕನಾಲ್‌ನ ಥರ್ಮಾಮೀಟರ್ ಕಾರ್ಖಾನೆಯೊಂದರ ಪಾದರಸದ ಕಸ ಹೊರಗೆ ಬಿದ್ದದ್ದು ಬಯಲಾಗಿ, ಆ ಕಾರ್ಖಾನೆ 2001ರಲ್ಲಿ ಮುಚ್ಚಿಹೋದದ್ದು ದಕ್ಷಿಣ ಭಾರತದವರಿಗೆ ನೆನಪಿರಬಹುದು. ಪಾದರಸದ ಬಳಕೆಯನ್ನು ತಗ್ಗಿಸಲೆಂದು 2013ರಲ್ಲಿ ಮಿನಮಾಟಾ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತ ಅದನ್ನು 2018ರಲ್ಲಿ ಅನುಮೋದಿಸಿತು. ಹೀಗೆ ಪಾದರಸ ಹಿಂದೆ ಸರಿಯುತ್ತಿರಲು, ಬ್ಯಾಟರಿಯಿಂದ ನಡೆಯುವ ಉಷ್ಣಮಾಪಕಗಳು ಅದರ ಸ್ಥಾನವನ್ನು ತುಂಬಿವೆ. ಅವುಗಳಲ್ಲಿ ಕಂಕುಳಿನಲ್ಲಿಯೋ ನಾಲಗೆಯ ಕೆಳಗೋ ಇಡುವಂಥವು ಒಂದು ಬಗೆ. ಕಿವಿಗೆ ಇಡುವಂಥದು ಇನ್ನೊಂದು ಬಗೆ.

ಕಿವಿಯೇ ಏಕೆ ಎಂದು ನೀವು ಕೇಳಬಹುದು. ದೇಹದ ಉಷ್ಣತೆಯನ್ನು ಹದದಲ್ಲಿರಿಸುವ ಕೇಂದ್ರ ಮಿದುಳಿನ ತಳಭಾಗದಲ್ಲಿರುವ ಹೈಪೋಥಲಮಸ್. ಕೊರಳಿನಲ್ಲಿ ಮೇಲೇರುವ ಕ್ಯಾರೋಟಿಡ್ ಧಮನಿಗಳ ಕವಲುಗಳೇ ಮಿದುಳಿಗೂ ಕಿವಿಗೂ ರಕ್ತವನ್ನೊಯ್ಯುತ್ತವೆ. ಕಿವಿಯ ಕೊಳವೆಯ ಕೊನೆಯಲ್ಲಿರುವ ತೆಳುವಾದ ಪೊರೆ, ಅಂದರೆ ಕಿವಿತಮಟೆ, ತಲೆಯೊಳಗೆ ಸಾಕಷ್ಟು ಆಳದಲ್ಲಿ, ಗಾಳಿಬೆಳಕುಗಳ ಕಾಟಕ್ಕೆ ಹೆಚ್ಚಾಗಿ ಸಿಕ್ಕದೆ ಇರುತ್ತದೆ. ಆದುದರಿಂದ ಅದರ ಉಷ್ಣತೆ ದೇಹದ ಒಳಗಿನ ಉಷ್ಣತೆಗೆ ಬಹು ಸಮೀಪವಾಗಿರುತ್ತದೆ. ಅಮೆರಿಕದ ನೌಕಾಪಡೆಯ ವೈದ್ಯಕೀಯ ಸಂಶೋಧನಾಲಯದಲ್ಲಿದ್ದ ಜರ್ಮನ್ ಮೂಲದ ವಿಜ್ಞಾನಿ ಥಿಯೋಡೋರ್ ಬೆಂಜಿಂಗರ್ 1950ರ ದಶಕದ ಕೊನೆಯಿಂದ ಈ ವಿಷಯದಲ್ಲಿ ಪ್ರಯೋಗಗಳನ್ನು ನಡೆಸಿದನು. ಅವನು ಸೂಕ್ಷ್ಮವಾದ ತಂತಿಯನ್ನು ಕಿವಿತಮಟೆಗೆ ತಾಗಿಸಿ ಅಳೆಯುತ್ತಿದ್ದನು. ಪ್ರಯೋಗಾಲಯಕ್ಕೆ ಅದು ಸರಿ. ಮನೆಯಲ್ಲಿ ಆಗುವ ಮಾತಲ್ಲ. ತಮಟೆಯನ್ನು ಮುಟ್ಟದೆಯೇ ಅದರ ಬಿಸಿಯನ್ನು ತಿಳಿಯುವ ಉಪಾಯ ಬೇಕಾಯಿತು.

ಆ ಉಪಾಯದ ಬೀಜ 1800ರಲ್ಲಿಯೇ ಬಿದ್ದಿತ್ತು. ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಅಶ್ರಗದಿಂದ ಬಣ್ಣಬಣ್ಣವಾಗಿ ಒಡೆದು, ಒಂದೊಂದು ಬಣ್ಣದಲ್ಲಿ ಉಷ್ಣಮಾಪಕವನ್ನಿಟ್ಟು ನೋಡಿದನು. ಕೆಂಪು ಬಣ್ಣದ ಆಚೆಗೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ, ಉಷ್ಣತೆ ಇನ್ನೂ ಹೆಚ್ಚಾಗಿ ಏರಿತು. ಕಾಣದ ಆ ಕಿರಣಗಳೇ ಅವಕೆಂಪು ಕಿರಣಗಳು. ಬಿಸಿಯಾದ ವಸ್ತುಗಳೆಲ್ಲ ಇಂಥ ಕಿರಣಗಳನ್ನು ಸೂಸುತ್ತವೆ. ಉರಿಯದ ಒಲೆಯ ಬಿಸಿಗಲ್ಲಿನ ಮುಂದೆ ಕೈಹಿಡಿದರೆ ಮುಟ್ಟದೆಯೇ ಬಿಸಿ ತಿಳಿಯುವುದು ಹೀಗೆ. ನಮ್ಮ ದೇಹವೂ ಸೂಸುತ್ತದೆ. ಕೆಂಪು ಬೆಳಕಿನ ಅಲೆಯುದ್ದ ಸುಮಾರು 0.7 ಮೈಕ್ರೋಮೀಟರ್, ದೇಹದಿಂದ ಹೊರಡುವ ಕಿರಣಗಳು 9ರಿಂದ 10 ಮೈಕ್ರೋಮೀಟರ್‌ಗಳ ಸುತ್ತ ಅತಿ ಪ್ರಬಲವಾಗಿರುತ್ತವೆ. ಈ ಕಿರಣಗಳನ್ನು ಹಿಡಿದು ಲೆಕ್ಕಹಾಕುವ ಕಿವಿಯ ಉಷ್ಣಮಾಪಕಗಳು 1980 ಮತ್ತು 1990ರ ದಶಕಗಳಲ್ಲಿ ಬಳಕೆಗೆ ಬಂದವು.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಈ ಉಪಕರಣ ಕಿವಿಯೊಳಗೆ ಯಾವ ಕಿರಣವನ್ನೂ ಕಳುಹಿಸುವುದಿಲ್ಲ. ಕಿವಿಯಿಂದ ಬರುವುದನ್ನು ಸ್ವೀಕರಿಸುತ್ತದೆ, ಅಷ್ಟೆ. ಅದರಿಂದ ಮಿದುಳಿಗೆ ಅಪಾಯವೆಂಬ ಭಯ ನಿರಾಧಾರವಾದುದು. ತುದಿಯ ಸಣ್ಣ ಕಿಂಡಿಯ ಮೂಲಕ ಬಂದ ಕಿರಣ ಒಳಗಿನ ಸೂಕ್ಷ್ಮ ಸಂವೇದಕದ ಮೇಲೆ ಬಿದ್ದಾಗ ಅದು ತುಸು ಬಿಸಿಯಾಗಿ, ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಆ ವಿದ್ಯುತ್ತು ತಿಳಿಸುವುದು ಕಿವಿಯ ಬಿಸಿಯನ್ನಲ್ಲ. ಕಿವಿಗೂ ಉಪಕರಣಕ್ಕೂ ನಡುವೆ ಇರುವ ಬಿಸಿಯ ಅಂತರವನ್ನು. ತನ್ನದೇ ಉಷ್ಣತೆ ಎಷ್ಟೆಂಬುದನ್ನು ಉಪಕರಣ ಬೇರೆಯಾಗಿ ಅಳೆದುಕೊಂಡು, ಎರಡನ್ನೂ ಕೂಡಿಸಿ ಅಂಕಿಯನ್ನು ತೋರಿಸುತ್ತದೆ. ಬಳಕೆಯ ನಿಯಮಗಳಲ್ಲಿ ಹೆಚ್ಚಿನವು ಈ ಒಂದು ತತ್ತ್ವದಿಂದಲೇ ಹುಟ್ಟುತ್ತವೆ; ತತ್ತ್ವ ತಿಳಿದರೆ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಮೊದಲು ಸ್ವಚ್ಛತೆಯ ಮಾತು. ಕೋಣೆಯ ಉಷ್ಣತೆ 27 ಡಿಗ್ರಿ, ಕಿವಿಯದು 37 ಡಿಗ್ರಿ ಎಂದಿಟ್ಟುಕೊಳ್ಳೋಣ. ಅಂತರ ಹತ್ತು ಡಿಗ್ರಿ. ಕಿಂಡಿಯ ಹತ್ತನೆಯ ಒಂದು ಪಾಲನ್ನು ಜಿಡ್ಡೋ ಗುಗ್ಗೆಯೋ ಮುಚ್ಚಿದ್ದರೆ ಆ ಅಂತರದ ಹತ್ತನೆಯ ಒಂದು ಪಾಲು, ಅಂದರೆ ಸುಮಾರು ಒಂದು ಡಿಗ್ರಿ, ಲೆಕ್ಕದಿಂದ ಜಾರಿಹೋಗುತ್ತದೆ. 38.5 ಡಿಗ್ರಿ ಜ್ವರವಿರುವ ಮಗುವಿಗೆ ಜ್ವರವೇ ಇಲ್ಲವೆಂದು ತೋರಲು ಇಷ್ಟು ಸಾಕು. ಬೆರಳಿನ ಗುರುತೊಂದಕ್ಕೆ ಎಂಥ ಶಕ್ತಿ ನೋಡಿ! ಆದಕಾರಣ ಪ್ರತಿ ಬಾರಿಯೂ ತುದಿಯನ್ನು ಪರೀಕ್ಷಿಸಬೇಕು. ತಯಾರಕರು ಹೇಳಿದಂತೆ ಸ್ಪಿರಿಟ್ ತಾಕಿಸಿದ ಹತ್ತಿಯಿಂದ ಮೃದುವಾಗಿ ಒರೆಸಿ, ಚೆನ್ನಾಗಿ ಆರಗೊಡಬೇಕು. ತುದಿಗೆ ತೊಡಿಸುವ ಪ್ಲಾಸ್ಟಿಕ್ ಹೊದಿಕೆ ಬೇಕಾಗುವ ಮಾದರಿಯಾದರೆ ಹೊಸ ಹೊದಿಕೆಯನ್ನೇ ತೊಡಿಸಬೇಕು. ಉಳಿತಾಯವೆಂದು ಹೊದಿಕೆಯಿಲ್ಲದೆ ಬಳಸಿದರೆ ಅಂಕಿ ತಪ್ಪುತ್ತದೆ. ಹಳೆಯದನ್ನೇ ಬಳಸಿದರೆ ಒಬ್ಬರ ಕಿವಿಯ ಸೋಂಕು ಇನ್ನೊಬ್ಬರಿಗೆ ಹೋಗಬಹುದು.

ಎರಡನೆಯದು, ಉಪಕರಣದ ಸ್ವಂತ ಉಷ್ಣತೆ. ಅದು ಇರುವ ಕೋಣೆಯ ಉಷ್ಣತೆಗೆ ಹೊಂದಿಕೊಂಡಿರಬೇಕು. ಬಿಸಿಲಿನ ಕಿಟಕಿಯಲ್ಲಿಯೋ ಕಾರಿನೊಳಗೋ ಇದ್ದುದನ್ನು ತಂದ ಕೂಡಲೆ ಬಳಸಬಾರದು. ಅರ್ಧ ಗಂಟೆಯಾದರೂ ರೋಗಿಯ ಕೋಣೆಯಲ್ಲಿಟ್ಟಿರಬೇಕು. ಸಾಮಾನ್ಯವಾಗಿ ಇಂಥ ಉಪಕರಣಗಳು ಕೆಲಸ ಮಾಡುವ ಕೋಣೆಯ ಉಷ್ಣತೆಗೆ ಮೇಲೂ ಕೆಳಗೂ ಒಂದು ಮಿತಿಯಿರುತ್ತದೆ. ಅದು ಜೊತೆಗೆ ಬರುವ ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಹೊರಗೆ 40 ಡಿಗ್ರಿ ದಾಟುವ ದಿನಗಳುಂಟು. ಫ್ಯಾನು ನಿಂತ ಕೋಣೆಯಲ್ಲಿ ನಡುಹಗಲು ಅಳೆದರೆ ಉಪಕರಣ ತನ್ನ ಮಿತಿಯ ಹೊರಗೇ ಇದ್ದೀತು. ಅಂಥ ಊರುಗಳವರು ಈ ಪುಟವನ್ನು ಮೊದಲು ಓದುವುದು ಒಳ್ಳೆಯದು. ಮಡಿಕೇರಿಯ ಚಳಿಯಲ್ಲಿರುವವರೂ ಅಷ್ಟೆ.

ಮೂರನೆಯದು ಗುರಿ. ಕಿವಿಯ ಕೊಳವೆ ನೆಟ್ಟಗಿರುವುದಿಲ್ಲ. ದೊಡ್ಡವರಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದವಾಗಿ, ಬಳುಕಿದಂತಿರುತ್ತದೆ. ತುದಿಯನ್ನು ಸುಮ್ಮನೆ ಇಟ್ಟರೆ ಅದಕ್ಕೆ ಎದುರಾಗುವುದು ತಮಟೆಯಲ್ಲ, ಕೊಳವೆಯ ಗೋಡೆ. ಗೋಡೆ ತಮಟೆಗಿಂತ ತಂಪಾಗಿರುವುದರಿಂದ ಅಂಕಿ ಕಡಿಮೆಯಾಗಿ ಬರುತ್ತದೆ. ಆದ್ದರಿಂದ ಮೊದಲು ಒಂದು ಕೈಯಿಂದ ಹೊರಕಿವಿಯನ್ನು ಹಿಡಿದು ಮೆಲ್ಲನೆ ಎಳೆಯಬೇಕು. ಒಂದು ವರ್ಷಕ್ಕಿಂತ ದೊಡ್ಡವರಿಗಾದರೆ ಮೇಲಕ್ಕೂ ಹಿಂದಕ್ಕೂ. ಅದಕ್ಕಿಂತ ಚಿಕ್ಕ ಮಗುವಿಗಾದರೆ ನೇರವಾಗಿ ಹಿಂದಕ್ಕೆ. ಕೊಳವೆ ಹೀಗೆ ನೆಟ್ಟಗಾದ ಮೇಲೆ ತುದಿಯನ್ನು ನೋವಾಗದಂತೆ, ಆದರೆ ಸುತ್ತ ಗಾಳಿ ನುಸುಳದಂತೆ ಕೂರಿಸಿ, ಎದುರುಬದಿಯ ಕಣ್ಣಿನ ಕಡೆಗೆ ಗುರಿಯಿಟ್ಟು ಗುಂಡಿಯೊತ್ತಬೇಕು. ತುದಿ ತಮಟೆಯನ್ನು ಮುಟ್ಟೀತೆಂಬ ಹೆದರಿಕೆ ಬೇಡ. ಅಷ್ಟು ಒಳಗೆ ಹೋಗದಂತೆ ಅದನ್ನು ಮೊಂಡಾಗಿ, ಅಗಲವಾಗಿಯೇ ಮಾಡಿರುತ್ತಾರೆ.

ಇನ್ನು ಕಿವಿಯ ಸ್ಥಿತಿ. ಒಂದು ಮಗ್ಗುಲಾಗಿ ಮಲಗಿದ್ದರೆ ದಿಂಬಿಗೊತ್ತಿದ ಕಿವಿ ಬಿಸಿಯೇರಿರುತ್ತದೆ. ಮಫ್ಲರ್ ಅಥವಾ ಕುಲಾವಿ ಕಟ್ಟಿದ್ದರೂ ಹಾಗೆಯೇ. ಸ್ನಾನ ಮಾಡಿ ಬಂದರೆ, ಗಾಳಿಯಲ್ಲಿ ಸ್ಕೂಟರಿನ ಮೇಲೆ ಬಂದರೆ, ತಂಪಾಗಿರುತ್ತದೆ. ಇಂಥ ಸಂದರ್ಭಗಳಲ್ಲಿ ಇಪ್ಪತ್ತು ನಿಮಿಷ ಕಾಯಬೇಕು. ಶ್ರವಣಸಾಧನ ಧರಿಸುವವರು ಅದನ್ನು ತೆಗೆದು ಅಷ್ಟೇ ಹೊತ್ತು ಬಿಡಬೇಕು. ಗುಗ್ಗೆ ಕೊಳವೆಯನ್ನು ಮುಚ್ಚಿದ್ದರೆ ಅಂಕಿ ಇಳಿಯುತ್ತದೆ. ಹಾಗೆಂದು ಕಡ್ಡಿಯಿಂದಲೋ ಹೇರ್‌ಪಿನ್ನಿನಿಂದಲೋ ಅದನ್ನು ಕೆದಕಬಾರದು. ಎಣ್ಣೆಸ್ನಾನದ ದಿನ ಕಿವಿಗೆ ಎಣ್ಣೆ ಬಿಡುವ ರೂಢಿ ನಮ್ಮ ಕೆಲವು ಮನೆಗಳಲ್ಲಿದೆ. ವೈದ್ಯರು ಅದನ್ನು ಮೆಚ್ಚುವುದಿಲ್ಲ. ಎಣ್ಣೆ ಬಿಟ್ಟ ಕಿವಿಯಲ್ಲಿ ಅಳೆದ ಅಂಕಿಯನ್ನಂತೂ ನೆಚ್ಚಬಾರದು. ನೋಯುವ, ಸೋರುವ ಅಥವಾ ಔಷಧಿ ಹಾಕಿದ ಕಿವಿಯನ್ನು ಬಿಟ್ಟು ಇನ್ನೊಂದರಲ್ಲಿ ನೋಡಬೇಕು. ಎರಡು ಕಿವಿಗಳಿಗೂ ತುಸು ವ್ಯತ್ಯಾಸವಿರುವುದರಿಂದ, ಒಂದು ಕಾಯಿಲೆಯ ಉದ್ದಕ್ಕೂ ಒಂದೇ ಕಿವಿಯನ್ನು ಬಳಸುವುದು ಲೇಸು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಅಂಕಿಗೆ ತನ್ನದೇ ಆದ ಅನಿಶ್ಚಯವಿದೆ. ಮಕ್ಕಳಲ್ಲಿ ಕಿವಿಯ ಉಷ್ಣತೆಯನ್ನೂ ಗುದದ್ವಾರದ ಉಷ್ಣತೆಯನ್ನೂ ಹೋಲಿಸಿದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದು 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸರಾಸರಿಯಲ್ಲಿ ಎರಡಕ್ಕೂ ಇದ್ದ ವ್ಯತ್ಯಾಸ ಕೇವಲ 0.29 ಡಿಗ್ರಿ ಸೆಲ್ಸಿಯಸ್. ಆದರೆ ಒಂದೊಂದು ಮಗುವನ್ನು ಪ್ರತ್ಯೇಕವಾಗಿ ನೋಡಿದರೆ ಕಿವಿಯ ಅಂಕಿ 1.3 ಡಿಗ್ರಿ ಕಡಿಮೆಯೂ ಇರಬಹುದು, 0.7 ಡಿಗ್ರಿ ಹೆಚ್ಚೂ ಇರಬಹುದೆಂದು ಕಂಡುಬಂತು. ಸರಾಸರಿ ಎಂಬುದು ಗುಂಪಿನ ಮಾತು. ತಾಯಿಯ ತೊಡೆಯ ಮೇಲಿರುವುದು ಒಂದೇ ಮಗು. ಮೈ ಸುಡುತ್ತಿದ್ದು, ಮಗು ಕಂಗೆಟ್ಟಿದ್ದು, ಅಂಕಿ ಮಾತ್ರ ಸಾಧಾರಣವೆಂದು ತೋರಿದರೆ, ತುದಿಯನ್ನು ಒರೆಸಿ ಮತ್ತೊಮ್ಮೆ ಅಳೆಯಿರಿ, ಕಂಕುಳಿನಲ್ಲಿಯೂ ನೋಡಿರಿ, ಆಗಲೂ ಸಂಶಯವಿದ್ದರೆ ಅಂಕಿಯನ್ನು ಬಿಟ್ಟು ಮಗುವನ್ನು ನಂಬಿರಿ.

ಎಳೆಯ ಕೂಸುಗಳ ವಿಷಯದಲ್ಲಿ ಈ ಮಾತು ಇನ್ನೂ ಗಂಭೀರವಾದುದು. ಅವುಗಳ ಕಿವಿಯ ಕೊಳವೆ ಬಹಳ ಕಿರಿದು. ಉಪಕರಣದ ತುದಿ ಸರಿಯಾಗಿ ಕೂರುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಆರು ತಿಂಗಳು ತುಂಬುವವರೆಗೆ ಕಿವಿಯ ಉಷ್ಣಮಾಪಕ ಬೇಡವೆನ್ನುತ್ತದೆ. ಬ್ರಿಟನ್ನಿನ ಮಾರ್ಗಸೂಚಿ ನಾಲ್ಕು ವಾರಗಳೊಳಗಿನ ಕೂಸಿಗೆ ಕಂಕುಳಿನ ಅಳತೆಯೊಂದನ್ನೇ ಒಪ್ಪುತ್ತದೆ. ನಮ್ಮ ಮನೆಗಳಲ್ಲಿ ಆರು ತಿಂಗಳವರೆಗೆ ಎಲೆಕ್ಟ್ರಾನಿಕ್ ಉಷ್ಣಮಾಪಕದಿಂದ ಕಂಕುಳಿನಲ್ಲಿ ನೋಡುವುದೇ ಸರಳವಾದ ದಾರಿಯೆಂದು ನನ್ನ ಅಭಿಪ್ರಾಯ. ಮೂರು ತಿಂಗಳೊಳಗಿನ ಕೂಸಿಗೆ ಉಷ್ಣತೆ 38 ಡಿಗ್ರಿ ಮುಟ್ಟಿದರೆ, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಆದರೆ, ಅದು ನಗುತ್ತಿದ್ದರೂ ಸರಿ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಕೂಸು ಮೊಲೆಯುಣ್ಣಲು ಒಲ್ಲದೆ, ಸೊರಗಿ ತಣ್ಣಗಾಗಿದ್ದರೂ ಅಷ್ಟೇ ಅವಸರ ಬೇಕು. ಎಳೆಯ ಕೂಸುಗಳಲ್ಲಿ ಸೋಂಕು ಜ್ವರವಿಲ್ಲದೆಯೂ ಬರಬಲ್ಲುದು.

ದೊಡ್ಡವರಲ್ಲಿ ಜ್ವರವೆಂದು ಕರೆಯುವುದು ಎಲ್ಲಿಂದ? ಕಿವಿಯ ಅಳತೆಯಲ್ಲಿ ಸಾಮಾನ್ಯವಾಗಿ 38 ಡಿಗ್ರಿಯಿಂದ. ಕಂಕುಳಿನ ಅಂಕಿ ಒಳಗಿನ ಉಷ್ಣತೆಗಿಂತ ಕಡಿಮೆಯಿರುವುದರಿಂದ ಎರಡನ್ನೂ ಬೆರೆಸಬಾರದು. ವೈದ್ಯರಿಗೆ ಹೇಳುವಾಗ ಎಲ್ಲಿ ಅಳೆದದ್ದು ಎಂಬುದನ್ನೂ ಹೇಳಬೇಕು. ವುಂಡರ್‌ಲಿಖ್‌ನ 37 ಡಿಗ್ರಿ ಕೂಡ ಕಲ್ಲಿನ ಮೇಲಿನ ಗೆರೆಯಲ್ಲ. ಅಮೆರಿಕದಲ್ಲಿ 148 ಮಂದಿ ಆರೋಗ್ಯವಂತರ ಬಾಯಿಯ ಉಷ್ಣತೆಯನ್ನು ಅಳೆದು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 36.8 ಡಿಗ್ರಿಯೆಂದು ಬಂದಿತು. ಉಷ್ಣತೆ ಬೆಳಗಿನ ಜಾವಕ್ಕೆ ತಗ್ಗಿರುತ್ತದೆ, ಇಳಿಹೊತ್ತಿಗೆ ಏರಿರುತ್ತದೆ. ಹೆಂಗಸರಲ್ಲಿ ತಿಂಗಳ ಎರಡನೆಯ ಅರ್ಧದಲ್ಲಿ ತುಸು ಹೆಚ್ಚು. ನಾನು ಆರೋಗ್ಯವಾಗಿದ್ದಾಗ ಒಂದು ವಾರ ನನ್ನದೇ ಕಿವಿಯ ಅಂಕಿಗಳನ್ನು ಬರೆದಿಟ್ಟೆ. ಸಂಜೆಯದು ಬೆಳಗಿನದಕ್ಕಿಂತ ಅರ್ಧ ಡಿಗ್ರಿಯಷ್ಟು ಮೇಲಿರುತ್ತಿತ್ತು. ಉಪಕರಣ ಕೊಂಡವರೆಲ್ಲ, ಮನೆಯ ಒಬ್ಬೊಬ್ಬರಿಗೂ, ಕಾಯಿಲೆಯಿಲ್ಲದ ದಿನಗಳಲ್ಲಿ ಹೀಗೆ ಮಾಡಿಟ್ಟುಕೊಂಡರೆ, ಕಾಯಿಲೆಯ ದಿನ ಬರುವ ಅಂಕಿಯನ್ನು ಹೋಲಿಸಲು ಒಂದು ಆಧಾರ ದೊರೆಯುತ್ತದೆ.

ಅಂಕಿ ಸುಲಭವಾಗಿ ಸಿಕ್ಕುವುದರಿಂದ ಒಂದು ಚಟವೂ ಹತ್ತಿಕೊಳ್ಳುತ್ತದೆ. ಹತ್ತು ನಿಮಿಷಕ್ಕೊಮ್ಮೆ ಅಳೆಯುವುದು, ಅಂಕಿ ಇಳಿಯಲಿಲ್ಲವೆಂದು ಮತ್ತೆ ಮಾತ್ರೆ ನುಂಗಿಸುವುದು. ಜ್ವರ ಶತ್ರುವಲ್ಲ, ಸೋಂಕಿನೊಡನೆ ಹೋರಾಡಲು ಹೈಪೋಥಲಮಸ್ ತಾನೇ ಏರಿಸಿಕೊಂಡ ಮಟ್ಟ. ಪ್ಯಾರಾಸಿಟಮಾಲ್ ಆ ಮಟ್ಟವನ್ನು ಕೆಲಕಾಲ ಇಳಿಸುತ್ತದೆ, ರೋಗಿಗೆ ನೆಮ್ಮದಿ ಕೊಡುತ್ತದೆ, ರೋಗವನ್ನು ಗುಣಪಡಿಸುವುದಿಲ್ಲ. ಬಿಸಿಲಾಘಾತದ ಮಾತೇ ಬೇರೆ. ಬಿಸಿಲಿನಲ್ಲಿ ದುಡಿದವರು ಮೈ ಸುಡುತ್ತ, ಮಾತು ತಡವರಿಸಿ ಕುಸಿದುಬಿದ್ದರೆ ಅದು ಸೋಂಕಿನ ಜ್ವರವಲ್ಲ. ಮಾತ್ರೆ ಅಲ್ಲಿ ಉಪಯೋಗಕ್ಕೆ ಬಾರದು. ನೆರಳಿಗೆ ತಂದು, ಮೈಗೆ ನೀರೆರೆದು, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಬೇಕು. ಅಳೆಯುವುದಕ್ಕೆಂದು ಆ ಹೊತ್ತಿನಲ್ಲಿ ನಿಲ್ಲಬಾರದು.

ಅಂಕಿ ಇಳಿದರೆ ರೋಗ ಇಳಿಯಿತೆಂದು ತಿಳಿಯುವುದು ಎಷ್ಟು ಅಪಾಯಕರವೆಂಬುದಕ್ಕೆ ಡೆಂಗಿ ಜ್ವರವೇ ಸಾಕ್ಷಿ. ಮಳೆಗಾಲ ಬಂತೆಂದರೆ ನಮ್ಮ ನಾಡಿನಲ್ಲಿ ಅದರ ಕಾಟ ತಪ್ಪಿದ್ದಲ್ಲ. ಎರಡು ಮೂರು ದಿನ ಬಿಡದೆ ಸುಟ್ಟ ಜ್ವರ, ಮೂರರಿಂದ ಏಳನೆಯ ದಿನದೊಳಗೆ ಇಳಿಯುತ್ತದೆ. ಮನೆಯವರು ಜ್ವರ ಬಿಟ್ಟಿತೆಂದು ನಿಟ್ಟುಸಿರಿಡುತ್ತಾರೆ. ಆದರೆ ಡೆಂಗಿಯ ಅತಿ ಸಂಕಟದ ಅವಧಿ ಆರಂಭವಾಗುವುದು ಬಹುಮಟ್ಟಿಗೆ ಆಗಲೇ. ರಕ್ತದ ದ್ರವಭಾಗ ನಾಳಗಳಿಂದ ಹೊರಕ್ಕೆ ಸೋರಿ, ಒಂದೆರಡು ದಿನಗಳಲ್ಲಿ ರೋಗಿ ಕುಸಿಯಬಹುದು. ಕಿವಿಯ ಉಷ್ಣಮಾಪಕ ಆ ಹೊತ್ತಿನಲ್ಲಿ 37 ಡಿಗ್ರಿ ಎನ್ನುತ್ತಿರುತ್ತದೆ; ಅದು ಹೇಳುವುದು ನಿಜವೇ. ತೀವ್ರವಾದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ವಿಪರೀತ ಆಯಾಸ ಅಥವಾ ಚಡಪಡಿಕೆ, ತಣ್ಣಗೆ ಬೆವರುವ ಕೈಕಾಲು, ಮೂತ್ರ ಕಡಿಮೆಯಾಗುವುದು ಇವು ಯಾವುವೂ ಅದರ ಕಿಂಡಿಗೆ ಕಾಣುವುದಿಲ್ಲ. ಅವು ಕಾಣಬೇಕಾದುದು ಪಕ್ಕದಲ್ಲಿ ಕುಳಿತವರ ಕಣ್ಣಿಗೆ. ಡೆಂಗಿಯ ಸಂಶಯವಿರುವಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡಬಾರದೆಂಬುದನ್ನೂ ನೆನಪಿಡಬೇಕು. ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು.

ಆದ್ದರಿಂದ ಕಿವಿಯ ಉಷ್ಣಮಾಪಕದ ಜೊತೆಗೆ ಒಂದು ಸಣ್ಣ ನೋಟ್‌ಬುಕ್ಕನ್ನೂ ಇಟ್ಟುಕೊಳ್ಳಿರೆಂದು ನಾನು ಸೂಚಿಸುತ್ತೇನೆ. ದಿನಾಂಕ, ಗಂಟೆ, ಯಾವ ಕಿವಿ, ಎಷ್ಟು ಡಿಗ್ರಿ, ಮಾತ್ರೆ ಕೊಟ್ಟದ್ದು ಯಾವಾಗ ಎಂಬುದು ಒಂದು ಸಾಲು. ಅದರ ಕೆಳಗೆ ಇನ್ನೊಂದು ಸಾಲು: ನೀರು ಕುಡಿದರೆ, ಊಟ ಸೇರಿತೆ, ಮೂತ್ರ ಹೋಯಿತೆ, ಮಾತು ಹೇಗಿದೆ, ಮುಖ ಹೇಗಿದೆ. ಮೊದಲನೆಯ ಸಾಲನ್ನು ತುಂಬಲು ಉಪಕರಣ ನೆರವಾಗುತ್ತದೆ. ಎರಡನೆಯದನ್ನು ತುಂಬಬಲ್ಲವರು ಮನೆಯ ಜನ ಮಾತ್ರ. ಎರಡು ಸಾಲುಗಳೂ ಇರುವ ಒಂದು ಹಾಳೆಯನ್ನು ಮುಂದಿಟ್ಟರೆ, ಯಾವ ಊರಿನ ಯಾವ ವೈದ್ಯರಾದರೂ ನಿಮ್ಮ ರೋಗಿಯನ್ನು ಇನ್ನಷ್ಟು ಬೇಗ, ಇನ್ನಷ್ಟು ಚೆನ್ನಾಗಿ ಅರಿಯಬಲ್ಲರು.